ಚೆಕ್‌ರೋಲಿನಲ್ಲಿ ಬರೆಯದ ಮೂರು ನಿಮಿಷ

ಕುಟ್ಟದ ಗದ್ದೆಬಯಲಿಗೆ ಹಿಂದಿನ ರಾತ್ರಿಯೇ ಬಂದಿಳಿದಿದ್ದರು,
ಎರಡು ಜೀಪಿನ ತುಂಬ ದೂರದರ್ಶಕ, ಫ್ಲಾಸ್ಕು, ಕಂಬಳಿ.
ಕೊಯ್ದ ಕೂಳೆಯ ನಡುವೆ ಆ ಮೂರು ಕಾಲಿನ ಕೊಳವೆಗಳು
ಕೊಕ್ಕರೆಗಳ ಹಾಗೆ ಪೂರ್ವಕ್ಕೆ ಕತ್ತೆತ್ತಿ ನಿಂತಿದ್ದವು.

ನಮ್ಮ ತೋಟಕ್ಕೆ ಅವತ್ತು ಎಂಟಕ್ಕೆ ಯಾರೂ ಬರಲಿಲ್ಲ.
ನಾನು ರೈಟರು. ತಕ್ಕಡಿ, ಚೆಕ್‌ರೋಲು, ಕಿವಿಗೆ ಸಿಕ್ಕಿಸಿದ ಪೆನ್ಸಿಲು.
ಹಾಜರಿ ಹಾಕಲು ಸೂರ್ಯನೊಬ್ಬನೇ ಇದ್ದ,
ಅವನೂ ಎಂಟು ದಾಟುತ್ತಲೇ ಸವೆಯತೊಡಗಿದ್ದ.

ಮೊದಲ ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ.
ಇದನ್ನು ಯಾರೂ ಮುಂಚೆ ಹೇಳುವುದಿಲ್ಲ.
ಕಪ್ಪು ಕನ್ನಡಕ ಹಾಕಿದರೆ ಮಗು ಕಚ್ಚಿಟ್ಟ ಅಕ್ಕಿರೊಟ್ಟಿ,
ತೆಗೆದು ಸುತ್ತ ನೋಡಿದರೆ ಎಂದಿನ ಡಿಸೆಂಬರು.

ಆಮೇಲೆ ನೆರಳುಗಳಿಗೆ ಏನೋ ಆಯಿತು.
ಸಿಲ್ವರ್ ಓಕಿನ ನೆರಳಿಗೆ ಒಂದಂಚು ಬ್ಲೇಡು, ಇನ್ನೊಂದಂಚು ಹೊಗೆ.
ಕೈ ಚಾಚಿದೆ. ಕಣದ ಸಿಮೆಂಟಿನ ಮೇಲೆ
ಮುಂಗೈಯ ರೋಮ ಒಂದೊಂದಾಗಿ ಎಣಿಸಬಹುದಿತ್ತು.
ಬಿಸಿಲಿಗೆ ಬಣ್ಣವೊಂದು ಬಂದಿತ್ತು, ಹೆಸರಿರಲಿಲ್ಲ.
ಸಂಜೆಯದಲ್ಲ, ಮೋಡದ್ದಲ್ಲ.
ಹಣ್ಣು ತೊಳೆದ ನೀರು ಎರಡನೇ ತೊಟ್ಟಿಗಿಳಿದಾಗಿನ ಬಣ್ಣ ಎನ್ನಲೇ?
ಬೇಡ. ಹಾಗೂ ಇರಲಿಲ್ಲ.
ಪಲ್ಪರ್ ಮನೆಯ ಥರ್ಮಾಮೀಟರು ಇಪ್ಪತ್ತೆರಡರಿಂದ ಹತ್ತೊಂಬತ್ತಕ್ಕೆ ಇಳಿಯಿತು.
ಕುಟ್ರುಹಕ್ಕಿ ಕೂಗನ್ನು ಅರ್ಧಕ್ಕೆ ಬಿಟ್ಟಿತು,
ಉಳಿದರ್ಧವನ್ನು ಜೀರುಂಡೆ ಎತ್ತಿಕೊಂಡಿತು.

ಬಂಗಲೆಯ ಹಿತ್ತಿಲಿಂದ ದೇಚಮ್ಮಕ್ಕ ಓಡಿ ಬಂದರು,
ಕೈಯಲ್ಲಿ ನೂಪುಟ್ಟು ಒತ್ತುವ ಹಿತ್ತಾಳೆ ಬಿಲ್ಲೆ.
"ಇದ್ರಲ್ಲೂ ಬೀಳ್ತದಂತೆ, ಮೊಮ್ಮಗಳು ಫೋನ್ ಮಾಡಿದ್ಳು."
ಬಿದ್ದವು. ತೂತಿಗೊಂದು ಸೂರ್ಯ,
ಎಲ್ಲ ಕುಡುಗೋಲು, ಎಲ್ಲದರ ಬಾಯಿ ಒಂದೇ ಕಡೆಗೆ.
ಒಂಬತ್ತು ಇಪ್ಪತ್ತನಾಲ್ಕಕ್ಕೆ ತುದಿಗೆ ತುದಿ ಮುಟ್ಟಿತು.
ಗದ್ದೆಬಯಲಿಂದ ಒಂದೇ ಕೂಗು.

ಉಂಗುರ. ದೇಚಮ್ಮಕ್ಕನ ಪಾದದ ಮೇಲೆ ಉಂಗುರ,
ಬಿಚ್ಚಿಟ್ಟ ಚೆಕ್‌ರೋಲಿನ ಇಪ್ಪತ್ತಾರನೇ ತಾರೀಕಿನ ಸಾಲಿನಲ್ಲಿ
ಪ್ರತಿ ಹೆಸರಿನೆದುರೂ ದುಂಡಗೆ ಒಂದು ಸೊನ್ನೆ,
ನನ್ನ ಕೈಬರಹಕ್ಕಿಂತ ಚಂದ.

ಚಂದ್ರನದು ಬೇರೆ ರೀತಿ.
ಅವನಿಗೆ ಕನ್ನಡಕ ಬೇಡ, ಬಿಲ್ಲೆ ಬೇಡ, ಅವಸರವೂ ಇಲ್ಲ.
ಒಮ್ಮೆ ಆನೆ ಕಾಯುವ ಅಟ್ಟಣೆಯಲ್ಲಿ ಚಾತನ ಜೊತೆ ಕೂತಿದ್ದೆ.
ಭೂಮಿಯ ನೆರಳಿಗೆ ಬಾಗಿದ ಅಂಚಿದೆ, ಕಣ್ಣಾರೆ ಕಂಡೆ,
ನಾವು ಕೂತಿದ್ದ ನೆಲದ್ದೇ ಅಂಚು, ಆನೆಗಳೂ ಅದರೊಳಗೆ.
ಚಂದ್ರ ಹಳೇ ಹಂಡೆಯ ತಳವಾದ.
ಅಷ್ಟು ಹೊತ್ತು ಎಲ್ಲಿದ್ದವೋ, ನಕ್ಷತ್ರಗಳು ಮುಗಿಬಿದ್ದವು.
ನಾವಿಬ್ಬರೂ ಮೇಲೆ ನೋಡುತ್ತಿದ್ದೆವು.
ಬೆಳಕು ಮರಳಿದಾಗ ಗದ್ದೆಯಲ್ಲಿ ಅರ್ಧ ಪೈರಿಲ್ಲ,
ನೀರು ತುಂಬಿದ ಹೆಜ್ಜೆಗಳಿದ್ದವು, ಒಂದೊಂದರಲ್ಲೂ ಚಂದ್ರ.
ಚಾತ ನಕ್ಕ. ಸಂಬಳ ನನ್ನದೂ ಮುರಿಯಿತು.

ಆಳುಗಳು ಹನ್ನೊಂದೂವರೆಗೆ ಬಂದರು, ಕೂದಲು ಒದ್ದೆ.
ಬೊಳ್ಳಿಯ ಸೊಸೆ ಮುತ್ತೆ ಬರಲಿಲ್ಲ.
ಏಳು ತಿಂಗಳು. ಒಳಗೆ ಕೂರಿಸಿ ಬಾಗಿಲೆಳೆದು ಬಂದಿದ್ದರು.

ಬಟವಾಡೆಯ ದಿನ ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತ ಕೇಳಿದಳು,
"ನಿಮ್ಮದು ಎಷ್ಟು ದೊಡ್ಡದಿತ್ತು ರೈಟ್ರೇ?"
ಕಿರುಬೆರಳಿನ ಉಗುರು ತೋರಿಸಿದೆ.
"ನನ್ನದು ಎಂಟಾಣೆಯಷ್ಟು."

ಲೈನುಮನೆಯ ಕಿಟಕಿಗೆ ಗೋಣಿ ಹೊದಿಸಿದ್ದರಂತೆ,
ಕಂಡಿಗೆಲ್ಲ ಬಟ್ಟೆ ತುರುಕಿದ್ದರಂತೆ.
ತಗಡಿನಲ್ಲಿ ಮೊಳೆ ಕಿತ್ತುಹೋದ ತೂತೊಂದನ್ನು ಯಾರೂ ನೋಡಲಿಲ್ಲ.
ಅದು ಕುಡುಗೋಲಾಗಿ ಗೋಡೆ ಹಿಡಿದು ಇಳಿಯಿತು, ನಿಧಾನ,
ಇವಳು ಚಾಪೆ ಬಿಟ್ಟು ಸರಿಯಲಿಲ್ಲ.
ಹೊಟ್ಟೆಯ ಮೇಲೆ ಬಂದು ಎರಡು ತುದಿ ಕೂಡಿಕೊಂಡಿತು.
"ಒಳಗಿಂದ ಒದ್ದದ್ದಕ್ಕೆ ಉಂಗುರ ಅಲ್ಲಾಡಿಹೋಯ್ತು.
ಅತ್ತೆಗೆ ಹೇಳಬೇಡಿ."

ಅಷ್ಟು ಕತ್ತಲ ಕೋಣೆ, ಅಷ್ಟು ಸಣ್ಣ ತೂತು, ಅಷ್ಟು ಎತ್ತರದ ಸೂರು:
ಜೀಪಿನವರ ಕೊಳವೆಗಳನ್ನು ನೆನೆದೆ.
ಅವಳ ಹೆಸರಿನೆದುರು ಆ ದಿನ ಗೈರು ಅಂತಿದೆ. ತಿದ್ದಲು ಕಾರಣ ಬರೆಯಬೇಕು.

ಮೇ ತಿಂಗಳಲ್ಲಿ ಲೈನಿನ ತಗಡಿಗೆಲ್ಲ ಟಾರು ಹಚ್ಚಿಸಿದೆವು.
ಖರ್ಚಿನ ಪುಸ್ತಕದಲ್ಲಿದೆ:
ಡಬ್ಬ ಎರಡು, ಬ್ರಷು ಒಂದು, ಆಳು ಒಂದು.